ಸ್ಯಾಕ್ಸೊಫೋನ್ ನಿಂತ ಮೇಲೆ ಬಂದ ಸದ್ದು

ನಾನು ಸ್ಪೀಕರಿನ ಮರದ ಡಬ್ಬಿ ಮಾಡುವವನು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದೆ. ಈಗ ಮುಲುಂಡಿನಲ್ಲಿ ಸ್ವಂತ ವರ್ಕ್‌ಶಾಪ್ ಇದೆ. ನನ್ನ ಡಬ್ಬಿ ಕಿರುಗುಟ್ಟಿದರೆ ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಗಿರಾಕಿಗಳಿಗೆ ಎದೆತಟ್ಟಿ ಹೇಳುತ್ತಿದ್ದೆ. ಒಂದೂ ವಾಪಸ್ ಬಂದಿರಲಿಲ್ಲ.

ಕಳೆದ ವರ್ಷ ಧಾರವಾಡದ ಹಿರಿಯರೊಬ್ಬರು, ಫೋರ್ಟ್ ಏರಿಯಾದ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತರಾದವರು, ಒಂದು ಜೋಡಿ ಮಾಡಿಸಿಕೊಂಡರು. ವಾರ ಕಳೆದಿಲ್ಲ, ಫೋನ್ ಬಂತು.

"ಮಿಸ್ತ್ರಿ, ನಿಮ್ಮ ಡಬ್ಬಿ ಝಂಯ್ ಅಂತದ."

"ನನ್ನ ಡಬ್ಬಿ ಅನ್ನೂದಿಲ್ರಿ. ಬ್ಯಾರೆ ಏನರ ಅಂತಿರಬೇಕು."

"ಬಂದು ಕೇಳ್ರಿ ಹಂಗಾರ."

ರವಿವಾರ ಬೆಳಿಗ್ಗೆ ಹೋದೆ. ಅವರು ಕಾಲೇಜಿನ ದಿನಗಳಲ್ಲಿ ಕೊಂಡ ಇಂಗ್ಲಿಷ್ ರೆಕಾರ್ಡು ಹಾಕಿದರು. ಪ್ರೊಗ್ರೆಸಿವ್ ರಾಕ್ ಅಂತೆ, ಅದರಲ್ಲಿ ಜಾಝ್ ಬೆರೆಸಿದ್ದಾರಂತೆ. ಒಂದು ಬದಿಗೆ ಒಂದೇ ಹಾಡು. ನಾಲ್ಕರ ತಾಳಕ್ಕೆ ಕಾಲು ತಟ್ಟಲು ಹೊರಟರೆ ಡ್ರಮ್ಮಿನವನು ಐದಕ್ಕೆ ಹೋಗಿ ನಿಲ್ಲುತ್ತಿದ್ದ. ಹಾಡುವವನಂತೂ ಊಟಕ್ಕೆ ಹೋದವನ ಹಾಗೆ ಬಹಳ ಹೊತ್ತು ಬರಲೇ ಇಲ್ಲ. ಸ್ಯಾಕ್ಸೊಫೋನ್ ಒಂದೇ ಸಮನೆ ಊದಿ ಊದಿ ಥಟ್ಟನೆ ನಿಂತಿತು. ಬೇಸ್ ಗಿಟಾರ್ ಮಾತ್ರ ಕೆಳಗಿನ ಸ್ವರವೊಂದನ್ನು ಹಿಡಿದು ಉಳಿಯಿತು. ಆಗ ಬಂತು, ಝಂಯ್.

"ಕಪಾಟಿನ ಗಾಜು," ಎಂದೆ. ಗಾಜು ತೆಗೆದರು. ಝಂಯ್. "ಸ್ಟೀಲ್ ಬಟ್ಟಲಿರಬೇಕು." ಅವರ ಹೆಂಡತಿ ಗೊಣಗುತ್ತ ಬಟ್ಟಲನ್ನೆಲ್ಲ ಅಡುಗೆಮನೆಗೆ ಸಾಗಿಸಿದರು. ಝಂಯ್.

"ನಿಮ್ಮ ರೆಕಾರ್ಡೇ ಹಳೇದಾಗೇದ್ರಿ."

"ಅದಕ್ಕೇನರ ಅಂದ್ರ ನಿಮಗ ಚಹಾ ಸಿಗೂದಿಲ್ಲ ನೋಡ್ರಿ," ಎಂದರು ಆ ತಾಯಿ. "ನನಗಿಂತಾ ಮೊದಲ ಈ ಮನಿಗಿ ಬಂದದ್ದದು."

ನಾಲ್ಕನೇ ಸಲ ರೆಕಾರ್ಡಿನ ಮೇಲೆ ಮುಳ್ಳು ಇಟ್ಟಾಗ ಎಡಗಡೆಯ ಡಬ್ಬಿಯ ಬೆನ್ನಿಗೆ ಅಂಗೈ ಒತ್ತಿದೆ. ಒಳಗಿನ ಅಡ್ಡಪಟ್ಟಿ ಇರುವೆ ಹರಿದಂತೆ ನಡುಗುತ್ತಿತ್ತು. ಗಣಪತಿಯ ಸೀಸನ್ನು; ಪೆಂಡಾಲುಗಳ ಆರ್ಡರಿನ ಗಡಿಬಿಡಿಯಲ್ಲಿ ಆ ಪಟ್ಟಿಗೆ ಅಂಟು ಹಾಕದೆ ಬರೀ ಮೊಳೆ ಹೊಡೆದಿದ್ದೆ. ಪೆಂಡಾಲಿನ ಅಬ್ಬರದಲ್ಲಿ ಇಂಥದ್ದು ಯಾರಿಗೂ ಕೇಳುವುದಿಲ್ಲ. ವರ್ಕ್‌ಶಾಪಿನಲ್ಲಿ ನನಗೂ ಕೇಳಿರಲಿಲ್ಲ. ಈಗ ಆ ಪಟ್ಟಿಯ ನಡುಕ ನನ್ನ ಕೈಗೆ ಮಾತ್ರ ಗೊತ್ತಿತ್ತು. ತಪ್ಪನ್ನು ಗೋಡೆಯ ಮೇಲೆ ಹಾಕಿಬಿಡಬಹುದಿತ್ತು. ಮನಸ್ಸಿಗೆ ಬಂದದ್ದೂ ಸುಳ್ಳಲ್ಲ.

"ನಂದಽ ತಪ್ಪು," ಎಂದೆ. "ಡಬ್ಬಿ ಒಯ್ತೀನ್ರಿ."

"ಅಂದ್ರ ನನ್ನ ಬಟ್ಲಾ ವಾಪಸ್ ಇಡ್ಲ್ಯಾ?" ಎಂದರು ತಾಯಿ. ಯಜಮಾನರು ನಗು ತಡೆಯಲು ಕಿಟಕಿಯ ಕಡೆ ತಿರುಗಿದರು.

ರಿಕ್ಷಾದಲ್ಲಿ ಒಯ್ದು, ಬೆನ್ನು ಬಿಚ್ಚಿ, ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು ಎರಡು ದಿನ ಒಣಗಿಸಿದೆ. ಮುಂದಿನ ರವಿವಾರ ಮತ್ತೆ ಅದೇ ಬದಿ. ಸ್ಯಾಕ್ಸೊಫೋನ್ ನಿಂತಿತು. ಮೂವರೂ ಉಸಿರು ಬಿಗಿಹಿಡಿದೆವು. ಬೇಸ್ ಸ್ವರ ದುಂಡಗೆ, ಒಂಟಿಯಾಗಿ, ಕೊನೆಯತನಕ ಹೋಗಿ ಮುಗಿಯಿತು.

ಯಜಮಾನರು ರೆಕಾರ್ಡನ್ನು ಮಗ್ಗುಲು ತಿರುಗಿಸಿದರು.

"ಈ ಕಡೀದು ನೀವು ಕೇಳೇ ಇಲ್ಲ. ಗಡಿಬಿಡಿ ಅದ ಏನು?"

ವರ್ಕ್‌ಶಾಪಿನಲ್ಲಿ ಆರು ಡಬ್ಬಿ ಕಾಯುತ್ತಿದ್ದವು. "ಹಾಕ್ರಿ," ಎಂದು ಕಾಲು ಚಾಚಿ ಕೂತೆ.