ಸುರಪುರದ ಮಾಳಿಗೆಯ ಮೇಲೆ ಒಣಗದ ದುಪ್ಪಟಿ

ಮಾನ್ಯ ಓದುಗರಿಗೆ ಸವಿನಯ ನಮಸ್ಕಾರಗಳು. ನನ್ನ ಅಕ್ಷರ ದುಂಡಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೆ. ಅದಕ್ಕಾಗಿ ಮೊದಲೇ ಕ್ಷಮೆ ಕೋರುತ್ತೇನೆ. ಅಂಗನವಾಡಿ ಕಾರ್ಯಕರ್ತೆಯಾಗಿ ಕಚೇರಿಗೆ ಪತ್ರ ಬರೆದದ್ದನ್ನು ಬಿಟ್ಟರೆ ಬೇರೇನನ್ನೂ ಬರೆದವಳಲ್ಲ. ವಿಚಿತ್ರ ಸಂಗತಿಗಳನ್ನು ನಂಬಿದವಳೂ ಅಲ್ಲ. ಯಾರಾದರೂ ಹೇಳಿದರೆ, ಅರೆನಿದ್ದೆಯ ಕನಸೆಂದು ನಕ್ಕುಬಿಡುತ್ತಿದ್ದೆ. ಈಗ ನಗಲು ಆಗುತ್ತಿಲ್ಲವಾದ್ದರಿಂದ, ಕೆಳಕಂಡ ವಿಷಯವನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನನ್ನ ತವರು ಬಳಿಚಕ್ರ. ಅಲ್ಲಿಯದು ಒಣ ಬೇಸಿಗೆ. ಮಾಳಿಗೆಯ ಮೇಲೆ ಗಾಳಿ ಬರುವ ಕಡೆಗೆ ಒದ್ದೆ ದುಪ್ಪಟಿ ಕಟ್ಟಿ ಮಲಗಿದರೆ ಮೈಗೆ ತಂಪು ತಾಗುತ್ತದೆ. ಆದರೆ ದುಪ್ಪಟಿ ಬೇಗ ಒಣಗುವುದರಿಂದ ಯಾರಾದರೊಬ್ಬರು ಎದ್ದೆದ್ದು ನೀರು ಚಿಮುಕಿಸುತ್ತಿರಬೇಕು. ಮದುವೆಯಾಗಿ ಹುಣಸಗಿ ಕಡೆಗೆ ಬಂದಾಗ ಈ ಉಪಾಯ ಕೆಲಸಕ್ಕೆ ಬರಲಿಲ್ಲ. ನನ್ನ ಯಜಮಾನರು ಅಲ್ಲಿ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದರು. ಸುತ್ತಲೂ ಭತ್ತದ ಗದ್ದೆ. ಕಟ್ಟಿದ ದುಪ್ಪಟಿ ಬೆಳಗಿನವರೆಗೂ ಹಸಿ, ಮೈಯೂ ಹಸಿ. ಅಲ್ಲಿ ನಿದ್ದೆಗೆ ಸೊಳ್ಳೆಪರದೆ, ಬೇವಿನ ಹೊಗೆ ಮತ್ತು ತಾಳ್ಮೆಯೇ ಗತಿ.

ಕಾಲುವೆಗೆ ನೀರು ನಿಲ್ಲಿಸಿದ ಒಂದು ಬೇಸಿಗೆಯಲ್ಲಿ ಅವರನ್ನು ಸುರಪುರಕ್ಕೆ ಹಾಕಿದರು. ಗುಡ್ಡದ ಕೆಳಗೆ ಬಾಡಿಗೆ ಮನೆ. ಹಗಲೆಲ್ಲ ಕಾದ ಬಂಡೆಗಳು ಸರಿರಾತ್ರಿಯವರೆಗೂ ಒಲೆಯಂತೆ ಝಳ ಬಿಡುತ್ತಿದ್ದವು. ಮಗಳು ಆಗಿನ್ನೂ ತೆವಳುವ ಕೂಸು. ಜ್ವರ ಏರಿ ಅವಳಿಗೆ ಸೆಳೆತ ಬಂತು. ವೈದ್ಯರು ಔಷಧ ಕೊಟ್ಟು, "ಇವತ್ತು ರಾತ್ರಿ ಕೂಸಿನ ಮೈ ಕಾಯಬಾರದು ನೋಡವ್ವ. ಮತ್ತೊಮ್ಮಿ ಸೆಳೆತ ಬಂದ್ರ ನನ್ನ ಕೈಯಾಗಿಲ್ಲ, ಕಲಬುರಗಿಗೆ ಒಯ್ಯಬೇಕು" ಎಂದರು. ಮನೆಗೆ ಬಂದರೆ ಕರೆಂಟು ಇರಲಿಲ್ಲ.

ಮಾಳಿಗೆ ಹತ್ತಿದೆವು. ಕೂಸಿನ ಪಕ್ಕಕ್ಕೆ ಒದ್ದೆ ದುಪ್ಪಟಿ ಕಟ್ಟಿ, ತುಂಬಿದ ಕೊಡವಿಟ್ಟು, ಅದರ ಬಾಯಿಗೆ ನೀರು ಮೊಗೆಯುವ ಚರಿಗೆ ಬೋರಲು ಹಾಕಿದೆ. ಕಳ್ಳರ ಅಂಜಿಕೆಗೆ ಏಣಿಯನ್ನು ಮೇಲೆ ಎಳೆದುಕೊಳ್ಳುವುದು ನಮ್ಮ ರೂಢಿ, ಯಜಮಾನರು ಎಳೆದುಕೊಂಡರು. ಕೂಸಿನ ಸಲುವಾಗಿ ಇಬ್ಬರೂ ನಿದ್ದೆಗೆಟ್ಟಿದ್ದೆವು.

"ನೀ ಮಲ್ಕೊ, ನಾ ನೀರು ಹೊಡಿತೀನಿ" ಎಂದರು.

"ನೀವ ಮಲ್ಕೋರಿ. ಗೇಟಿನ ಮ್ಯಾಲ ಕುಂತಲ್ಲೇ ಗೊರಕಿ ಹೊಡಿಯೋರು ನೀವು" ಎಂದೆ.

ಹಾಗೆಂದವಳಿಗೆ, ಒಂದು ಚರಿಗೆ ನೀರು ತೆಗೆಯುವ ಮೊದಲೇ ಕಣ್ಣು ಹತ್ತಿತು.

ಎಚ್ಚರಾದಾಗ ಬೆಳಕು ಹರಿದಿತ್ತು. ಧಡಕ್ಕನೆ ಎದ್ದು ಕುಳಿತೆ. ಕೂಸಿನ ಹಣೆ ಮುಟ್ಟಿದೆ. ತಣ್ಣಗಿತ್ತು, ಉಸಿರು ಸಮನಾಗಿತ್ತು. ದುಪ್ಪಟಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಹಿಂಡಿ ನೋಡಿದೆ. ಅದೇ ಹಗ್ಗದ ಮೇಲೆ ಒಗೆದು ಹಾಕಿದ್ದ ಕೂಸಿನ ಅಂಗಿ ಹಪ್ಪಳದಂತೆ ಒಣಗಿತ್ತು. ಯಜಮಾನರು ಗೋಡೆಗೆ ಒರಗಿ ಮಲಗಿದ್ದರು. ರಾತ್ರಿಯೆಲ್ಲ ನೀರು ಹಾಕಿ ದಣಿದಿದ್ದಾರೆಂದು ತಿಳಿದು, ಎಬ್ಬಿಸದೆ, ಅವರ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಮುಂದಿನ ವರ್ಷಗಳಲ್ಲಿ ಎಷ್ಟೋ ಜಗಳಗಳು ಬಂದವು. ಆ ರಾತ್ರಿಯನ್ನು ನೆನೆದು, ಬಾಯಿಗೆ ಬಂದ ಕಡೆಯ ಮಾತನ್ನು ನುಂಗಿಕೊಂಡೆ.

ಈಗ ನಾವು ಶಹಾಪುರದಲ್ಲಿದ್ದೇವೆ. ಹೋದ ಬೇಸಿಗೆಯಲ್ಲಿ ಅದೇ ಮಗಳು ಬಾಣಂತನಕ್ಕೆ ಬಂದಿದ್ದಳು. ಸೆಕೆಗೆ ಅವಳ ಕೂಸು ಅಳುತ್ತಿತ್ತು.

"ನೀ ಕೂಸಿದ್ದಾಗ ನಿಮ್ಮಪ್ಪ ರಾತ್ರಿಯೆಲ್ಲಾ ಎದ್ದು ದುಪ್ಪಟಿಗೆ ನೀರು ಹೊಡದಾರವ್ವ" ಎಂದೆ.

ಊಟಕ್ಕೆ ಕುಳಿತಿದ್ದ ಯಜಮಾನರು ತುತ್ತನ್ನು ಕೈಯಲ್ಲೇ ಹಿಡಿದರು. "ನಾ ಎಲ್ಲಿ ಹೊಡದೀನಿ? ಹೆಣದಂಗ ಬಿದ್ದಿದ್ದೆ. ಹೊಡದಾಕಿ ನೀನಲ್ಲೇನು? ಆ ಉಪಕಾರಕ್ಕಂತನ ಇಷ್ಟು ವರ್ಷ ನಿನ್ನ ಬೈಗಳ ತಿನ್ನಾಕತ್ತೇನಲ್ಲ!"

"ನಾನೂ ಮಲಗಿದ್ದೆನ್ರಿ."

"ಹಂಗಾದ್ರ ಇಬ್ಬರೂ ಪುಕ್ಕಟಿ ಮರ್ಯಾದಿ ತಗೊಂಡೀರಿ ಬಿಡ್ರಿ" ಎಂದು ಮಗಳು ನಕ್ಕಳು.

ನಾವೂ ನಕ್ಕೆವು. ನಗು ನಿಂತ ಮೇಲೆ ಅವರು ಮೆಲ್ಲಗೆ, "ಕೊಡ ತುಂಬಿದ್ದು ತುಂಬಿದಂಗ ಇತ್ತು. ಮುಂಜಾನಿ ಕೆಳಗ ಇಳಿಸಿದಾಂವ ನಾನ. ನೀನ ಮತ್ತ ತುಂಬಿಟ್ಟೀಯಂತ ತಿಳಿದಿದ್ದೆ" ಎಂದರು.

ಹುಣಸಗಿಯಲ್ಲಾಗಿದ್ದರೆ ಗದ್ದೆಯ ಗಾಳಿ ಎನ್ನಬಹುದಿತ್ತು. ಸುರಪುರದ ಆ ಬಂಡೆಗಳ ನಡುವೆ ಏನೆನ್ನಲಿ? ಏಣಿಯೂ ನಮ್ಮ ಪಕ್ಕದಲ್ಲೇ ಇತ್ತು. ಕಾರಣ ನನಗೆ ಇಂದಿಗೂ ತಿಳಿದಿಲ್ಲ. ನಾವಿಬ್ಬರೂ ಒಬ್ಬರಿಗೊಬ್ಬರು ಸಲ್ಲಿಸುತ್ತ ಬಂದ ಕೃತಜ್ಞತೆ ಬೇರೆ ಯಾರಿಗೋ ಸೇರಬೇಕಾದದ್ದು. ಅದನ್ನು ಹಿಂದಕ್ಕೆ ಪಡೆಯುವ ಮನಸ್ಸು ನಮಗಿಬ್ಬರಿಗೂ ಬಂದಿಲ್ಲ. ಈಗ ಮೊಮ್ಮಗನ ಪಕ್ಕಕ್ಕೆ ದುಪ್ಪಟಿ ಕಟ್ಟಿದಾಗ, ಹೆಸರು ಗೊತ್ತಿಲ್ಲದ ಆ ಕೈಗೆ ಮನಸ್ಸಿನಲ್ಲೇ ವಂದಿಸಿ ಮೊದಲ ನೀರು ಚಿಮುಕಿಸುತ್ತೇನೆ.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಬೇಕು. ದುಪ್ಪಟಿ ಒದ್ದೆಯಿತ್ತು ಎಂಬ ಮಾತನ್ನು ಮಾತ್ರ ಹಾಗೆಯೇ ಬಿಡಬೇಕಾಗಿ ವಿನಂತಿ. ಅದನ್ನು ಹಿಂಡಿದವಳು ನಾನೇ.