ಅಂಜಿನಮ್ಮನ ಅಂಕಿತವಿಲ್ಲದ ಪದಗಳು

ನಮ್ಮ ಪಕ್ಕದ ಮನೆಯ ಅಂಜಿನಮ್ಮನಿಗೆ ದೇವರ ಪದಗಳು ಎಲ್ಲಿಂದ ಬರುತ್ತಿದ್ದವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಮೃತಹಳ್ಳಿಗೆ ವಯಸ್ಕರ ಶಾಲೆ ಬಂದಾಗ ಅವಳಿಗೆ ನಲವತ್ತರ ಹತ್ತಿರ. ಅಕ್ಷರ ಕೂಡಿಸಲು ಬಂದದ್ದೇ ತಡ, ರಾಗಿ ಬೀಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಹಳೆಯ ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದಳು. ಬರೆಯುವ ಮುಂಚೆ ಪೆನ್ಸಿಲಿಗೆ ಕುಂಕುಮ ಇಟ್ಟು ಕೈಮುಗಿಯಬೇಕು. ನೇಗಿಲಿಗೆ ಇಡುವುದಿಲ್ಲವೇ ಎನ್ನುವಳು.

"ದೇವರು ಕಿವೀಲಿ ಊದ್ತಾನೇನೇ?" ಎಂದು ಕೆದಕುತ್ತಿದ್ದೆ.

"ಊದಿದ್ರೆ ಇಷ್ಟೊಂದು ಯಾಕೆ ಅಳಿಸ್ತಿದ್ದೆ? ಅವನು ಎದುರಿಗೆ ಕೂತು ಕೇಳ್ತಾವ್ನೆ ಅಂದ್ಕೋತೀನಿ. ಅದಕ್ಕೇ ಸುಳ್ಳು ಬರಿಯೋಕಾಗಲ್ಲ."

ಅವಳ ಆಸೆ ಒಂದೇ. ಶನಿವಾರದ ಭಜನೆಯಲ್ಲಿ ಗಂಡಸರು ತನ್ನ ಪದ ಹಾಡಬೇಕು. ಭಜನೆ ಮನೆಯ ಯಜಮಾನ ದೊಡ್ಡಮುನಿಯಪ್ಪ ಓದಿಸಿ ಕೇಳಿದ, ತಲೆಯನ್ನೂ ತೂಗಿದ, ಕೊನೆಗೆ ಕ್ಯಾತೆ ತೆಗೆದ.

"ಅಂಕಿತ ಎಲ್ಲಮ್ಮ? ಕಡೇ ಸಾಲಲ್ಲಿ ದೇವರ ಎಸರು ಇಲ್ದಿದ್ರೆ ಅದು ಬಿಡಾಡಿ ದನ. ಯಾರ್ ಬೇಕಾದ್ರೂ ತಮ್ಮ ಕೊಟ್ಟಿಗೇಲಿ ಕಟ್ಕೋತಾರೆ."

ಒಂದು ಹೆಸರು ಹಾಕಿದ್ದರೆ ಮುಗಿಯುತ್ತಿತ್ತು. ಇವಳಿಗೆ ಅದೇ ಕಷ್ಟ. ತವರಿನ ದೇವರು ಗಂಗಮ್ಮ, ಗಂಡನ ಮನೆದೇವರು ಮುನೇಶ್ವರ, ಇವಳು ಹುಟ್ಟಿದ್ದೋ ಆಂಜನೇಯನ ಹರಕೆಯಿಂದ. "ಒಬ್ಬರ ಎಸರು ಬರೆದು ಇನ್ನಿಬ್ಬರ ಮುಖ ಎಂಗೆ ನೋಡ್ಲಿ?" ಎಂದು ಕಡೇ ಸಾಲನ್ನು ಹಾಗೇ ಬಿಟ್ಟಳು. ನನಗೆ ನಗು, ಜೊತೆಗೆ ಸಿಟ್ಟು. ಗಂಡಸರು ಹಾಡಲಿಲ್ಲ. ನಾವು ಹೆಂಗಸರು ನಾಟಿ ಹಾಕುವಾಗ, ಕಳೆ ಕೀಳುವಾಗ ಹಾಡಿಕೊಂಡೆವು. ಮದುವೆಯಾಗಿ ಹೋದ ಹುಡುಗಿಯರು ಮಾಕಳಿಗೂ ಜಾಲಹಳ್ಳಿಗೂ ಆ ಪದಗಳನ್ನು ಕೊಂಡೊಯ್ದರು.

ಇಸವಿ ೧೯೬೫ರ ಶ್ರಾವಣದಲ್ಲಿ ಜಾಲಹಳ್ಳಿ ಕಡೆಯ ಕಾರ್ಖಾನೆ ನೌಕರರ ಭಜನೆ ತಂಡವೊಂದು ನಮ್ಮೂರಿಗೆ ಬಂತು. ಅವರು ಎತ್ತಿದ ಒಂದು ಪದ ಕೇಳಿ ನನಗೆ ಮೈ ಜುಂ ಎಂದಿತು. ಅಂಜಿನಮ್ಮನದೇ ಪದ! ಕೊನೆಗೆ ಮಾತ್ರ ತಮ್ಮ ಗುರುಗಳ ಅಂಕಿತ ಜೋಡಿಸಿದ್ದರು. ದೊಡ್ಡಮುನಿಯಪ್ಪ ತೊಡೆ ತಟ್ಟಿ, "ಪದ ಅಂದ್ರೆ ಇದು ಕಣ್ರಯ್ಯಾ! ಅಂಕಿತ ಎಂಗೆ ಕುಂತೈತೆ ನೋಡ್ರಿ!" ಎಂದವನೇ ತಾನೂ ದನಿಗೂಡಿಸಿದ.

ನನಗೆ ತಡೆಯಲಾಗಲಿಲ್ಲ. ನಾಲ್ಕು ಮಾತು ಅಂದೇಬಿಡುತ್ತೇನೆಂದು ಎದ್ದೆ. ಅಂಜಿನಮ್ಮ ನನ್ನ ಸೆರಗು ಜಗ್ಗಿ ಕೂರಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಕೂತ್ಕೊಳ್ಳೇ. ಜಗಳ ಆಮೇಲೆ ಆಡ್ವಂತೆ. ಗಂಡಸರ ಬಾಯಲ್ಲಿ ಇವತ್ತೇ ಮೊದಲು ಕೇಳ್ತಿರೋದು."