ರಸ್ತೆ ಬಿಡಿಸಿಕೊಟ್ಟ ದೊಡ್ಡಮ್ಮ

ಹುರುಳಿ ಹೊಟ್ಟಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಒಣಗಿದ ಹುರುಳಿ ಬಳ್ಳಿಯ ಮೇಲೆ ಲಾರಿ ಚಕ್ರ ಹತ್ತಿಳಿದಾಗ ಏಳುವ ಧೂಳು ಅದು. ಮೂಗಿಗೆ ಹೋದರೆ ಸೀನು, ಕುತ್ತಿಗೆಗೆ ಬಿದ್ದರೆ ತುರಿಕೆ, ಸಂಜೆ ಸ್ನಾನ ಮಾಡಿದರೂ ಬಿಡುವುದಿಲ್ಲ. ಹೋದ ವಾರ ಹೊಳಲ್ಕೆರೆಯಿಂದ ರಾಮಗಿರಿ ಕಡೆಗೆ ಸ್ಕೂಟರಿನಲ್ಲಿ ಹೋಗುವಾಗ ಒಂದು ತಿರುವಿನಲ್ಲಿ ಆ ವಾಸನೆ ಬಡಿಯಿತು. ನೋಡಿದರೆ ರಸ್ತೆ ತುಂಬ ಹುರುಳಿ ಹಾಸಿದ್ದಾರೆ, ಅಂಚಿಗೆ ಕಲ್ಲು ಇಟ್ಟಿದ್ದಾರೆ. ನಾನು ಬ್ರೇಕ್ ಹಿಡಿಯಲಿಲ್ಲ. ಹುರುಳಿ ಮೇಲೆ ಬ್ರೇಕ್ ಹಿಡಿಯಬಾರದು, ಕಾಲು ಎರಡೂ ಕೆಳಗೆ ಬಿಟ್ಟು ಮೆಲ್ಲಗೆ ಸಾಗಬೇಕು ಎಂದು ಒಬ್ಬರು ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಟ್ಟವರಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ಆದರೂ ಹೇಳಿದ್ದರು, ಹೇಳಿದ್ದು ಸರಿಯಾಗಿಯೂ ಇತ್ತು. ಅದೇ ಅವರ ಜಾಯಮಾನ...

ಅವರು ನಮ್ಮ ಎದುರು ಮನೆಯವರು. ನೆಂಟರೇನಲ್ಲ, ಆದರೂ ನಾವು ಮಕ್ಕಳೆಲ್ಲ ದೊಡ್ಡಮ್ಮ ಅಂತಲೇ ಕರೆಯುತ್ತಿದ್ದೆವು. ಹೊಸದುರ್ಗ ತಾಲ್ಲೂಕಿನಲ್ಲಿ, ಮತ್ತೋಡಿಗೆ ಹತ್ತಿರದ ಊರು ನಮ್ಮದು. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ದನ, ಆಳು ಎಲ್ಲ ದೊಡ್ಡಮ್ಮನ ಕೈಯಲ್ಲೇ ಇತ್ತು. ದೊಡ್ಡ ಆಳು, ದೊಡ್ಡ ನಡಿಗೆ. ಇನ್ನು ಬಾಯಿಯೋ, ಅಯ್ಯೋ, ಅದರ ಮಾತೇ ಬೇಡ! ಅವರು ತಮ್ಮ ಅಡುಗೆಮನೆಯಲ್ಲಿ ನಿಂತು ಸೊಸೆಗೆ ಏನಾದರೂ ಹೇಳಿದರೆ ನಮ್ಮ ಮನೆ ನಾಯಿ ಎದ್ದು ನಿಲ್ಲುತ್ತಿತ್ತು. ಒಳ್ಳೆಯವರು ಅಂತ ಯಾರೂ ಅವರನ್ನು ಹೇಳುತ್ತಿರಲಿಲ್ಲ. ಜೋರಿನವರು ಅನ್ನುತ್ತಿದ್ದರು.

ನಮ್ಮೂರಿನಲ್ಲಿ ಏಳನೇ ತರಗತಿವರೆಗೆ ಶಾಲೆ, ಹೈಸ್ಕೂಲಿಗೆ ಮತ್ತೋಡಿಗೇ ಹೋಗಬೇಕು. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಎಂಟನೇ ತರಗತಿಗೆ ಸೇರಿದಾಗ ಸರ್ಕಾರದ ಸೈಕಲ್ ಸಿಕ್ಕಿತು ನೋಡಿ, ನಮಗೆ ರೆಕ್ಕೆ ಬಂದ ಹಾಗಾಯಿತು. ಏಳೆಂಟು ಹುಡುಗಿಯರು ಒಟ್ಟಿಗೆ ಹೊರಟರೆ ಅರ್ಧ ಗಂಟೆಯ ದಾರಿ. ನನ್ನ ಜೊತೆ ಸದಾ ಇರುತ್ತಿದ್ದವಳು ನನ್ನ ಚಿಕ್ಕಪ್ಪನ ಮಗಳು. ಇಬ್ಬರೂ ಒಂದೇ ತರಗತಿ, ಇಬ್ಬರಿಗೂ ಒಂದೇ ಹುಚ್ಚು, ಇಳಿಜಾರಿನಲ್ಲಿ ಯಾರು ಮುಂದೆ ಅನ್ನೋದು.

ಆದರೆ ಸುಗ್ಗಿ ಬಂತೆಂದರೆ ನಮ್ಮ ಕಡೆ ರಸ್ತೆಯೇ ಕಣ. ಎತ್ತುಗಳು ಕಡಿಮೆಯಾದವು, ರೋಣಗಲ್ಲು ಉರುಳಿಸಿ ಒಕ್ಕಣೆ ಮಾಡುವವರು ಇಲ್ಲವಾದರು. ಹುರುಳಿಯನ್ನೋ ರಾಗಿಯನ್ನೋ ಡಾಂಬರಿನ ಮೇಲೆ ಹಾಸಿಬಿಟ್ಟರೆ ಬಸ್ಸು ಲಾರಿಗಳು ಪುಕ್ಕಟೆಯಾಗಿ ತುಳಿದುಕೊಡುತ್ತವೆ. ಡ್ರೈವರುಗಳು ಬೈದುಕೊಂಡೇ ಹತ್ತಿಸುತ್ತಾರೆ. ದೊಡ್ಡ ಗಾಡಿಗಳಿಗೆ ಅದರಿಂದ ಏನೂ ಆಗುವುದಿಲ್ಲ. ಸೈಕಲ್ಲಿನವರ ಪಾಡು ಬೇರೆ. ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಕಾಳು ಚಕ್ರದ ಕೆಳಗೆ ಸರಕ್ಕನೆ ಜಾರುತ್ತದೆ. ಬೆಳೆ ಎತ್ತಿಕೊಂಡು ಹೋದ ಮೇಲೂ ಅಂಚಿಗೆ ಇಟ್ಟ ಕಲ್ಲುಗಳನ್ನು ಎತ್ತುವ ಪುಣ್ಯಾತ್ಮರು ಇರುತ್ತಿರಲಿಲ್ಲ. ಊರಿನಲ್ಲಿ ಎಲ್ಲರಿಗಿಂತ ಉದ್ದಕ್ಕೆ ಹಾಸುತ್ತಿದ್ದವರು ನಮ್ಮ ದೊಡ್ಡಮ್ಮನೇ. ಸೇತುವೆಯಿಂದ ಹುಣಸೆಮರದ ತನಕ ಅವರದೇ ಹುರುಳಿ.

ನಾವು ಹತ್ತನೇ ತರಗತಿಯಲ್ಲಿದ್ದೆವು. ಸಂಕ್ರಾಂತಿ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವಾಗ ಹಿಂದಿನಿಂದ ಲಗೇಜ್ ಆಟೋ ಒಂದು ಹಾರ್ನ್ ಹೊಡೆಯಿತು. ಚಿಕ್ಕಪ್ಪನ ಮಗಳು ಗಾಬರಿಯಾಗಿ ಬ್ರೇಕ್ ಹಿಡಿದಳು, ದೊಡ್ಡಮ್ಮನ ಹುರುಳಿ ಮೇಲೆ. ಸೈಕಲ್ ಒಂದು ಕಡೆ, ಅವಳು ಒಂದು ಕಡೆ. ಆಟೋದವನು ಹೇಗೆ ನಿಲ್ಲಿಸಿದನೋ ಆ ದೇವರಿಗೇ ಗೊತ್ತು, ಅವಳ ಜಡೆಯ ಪಕ್ಕದಲ್ಲೇ ಚಕ್ರ ನಿಂತಿತ್ತು. ಅವಳ ಕೈ ಮುರಿದಿತ್ತು. ಅದೇ ಆಟೋದಲ್ಲಿ ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಸಂಜೆ ಊರಿನ ಅಪ್ಪಂದಿರೆಲ್ಲ ಒಂದಾಗಿಬಿಟ್ಟರು. ಸುಗ್ಗಿ ಮುಗಿಯುವ ತನಕ ಹೆಣ್ಣುಮಕ್ಕಳು ಸೈಕಲ್ ಮುಟ್ಟುವಂತಿಲ್ಲ, ಅಷ್ಟೇ. ಸುಗ್ಗಿ ಮುಗಿಯುವ ಹೊತ್ತಿಗೆ ಪರೀಕ್ಷೆ ಬರುತ್ತದಲ್ಲ ಎಂದು ನಾನು ಅತ್ತೆ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ, ಕೈಕಾಲು ಬರಲ್ಲ ಎಂದು ನಮ್ಮಪ್ಪ ಸೈಕಲ್ಲಿಗೆ ಬೀಗ ಹಾಕಿ ಕೀಲಿ ಜೇಬಿಗೆ ಇಳಿಸಿದರು. ಮುಂದಿನ ವರ್ಷ ಅನ್ನುವುದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ನಮಗಿಂತ ಮುಂಚೆ ಒಂದು ವರ್ಷಕ್ಕೆಂದು ಮನೆಯಲ್ಲಿ ಕೂತ ಹುಡುಗಿಯರು ಯಾರೂ ಮತ್ತೆ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಮದುವೆ ಛತ್ರದ ಮೆಟ್ಟಿಲನ್ನೇ ಹತ್ತಿದ್ದರು.

ಆಗ ದೊಡ್ಡಮ್ಮ ನಮ್ಮ ಮನೆಗೆ ಬಂದರು. ಅಮ್ಮ ಮಾತೂ ಆಡಿಸಲಿಲ್ಲ. ಕ್ಷಮಿಸಿ ಗಿಮಿಸಿ ಅನ್ನುವ ಮಾತು ದೊಡ್ಡಮ್ಮನ ಬಾಯಲ್ಲಿ ಬರುವಂಥದ್ದಲ್ಲ. ಬಂದವರೇ ನೇರವಾಗಿ ನನ್ನನ್ನು ಕೇಳಿದರು, ಚಕ್ರ ಎಲ್ಲಿ ಜಾರಿತು, ಮುಂದಿನದೋ ಹಿಂದಿನದೋ, ಅವಳು ಏನು ಹಿಡಿದಳು, ಕಾಲು ಎಲ್ಲಿತ್ತು... ಎಲ್ಲ ಕೇಳಿಕೊಂಡು ನಮ್ಮಪ್ಪನ ಕಡೆ ತಿರುಗಿದರು.

“ಏನಪ್ಪ, ನನಗೊಂದು ವಾರ ಕೊಡು. ಆಮೇಲೆ ಬೀಗನಾದ್ರೂ ಹಾಕು, ಸೈಕಲ್ನ ಗುಜರಿಗಾದ್ರೂ ಹಾಕು.”

“ನಿನ್ ಹುರುಳಿ ಮ್ಯಾಲೇ ಬಿದ್ದಿದ್ದು ಅಕ್ಕ,” ಅಂದರು ಅಪ್ಪ.

“ಅದಕ್ಕೇ ಕೇಳಾಕ್ ಬಂದಿರೋದು. ಕೀಲಿ ಕೊಡು.”

ಅಪ್ಪ ಕೊಟ್ಟರು. ಕೊಡದೆ ಇರುವ ಧೈರ್ಯ ನಮ್ಮೂರಲ್ಲಿ ಯಾರಿಗಿತ್ತು?

ಮರುದಿನ ಬೆಳಿಗ್ಗೆ ಅವರು ಮಾಡಿದ ಮೊದಲ ಕೆಲಸ ಕೇಳಿ. ಸೀರೆ ಎತ್ತಿ ಕಟ್ಟಿ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತುಬಿಟ್ಟರು. “ಹೋಗಾಣ ನಡಿ. ರಸ್ತೆ ಹೆಂಗೈತೆ ನಾನೇ ನೋಡ್ತೀನಿ.” ನಾನೋ ಕಡ್ಡಿಯಂಥ ಹುಡುಗಿ. ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತಿತ್ತು. ಹಿಂದೆ ಬರುತ್ತಿದ್ದ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನನಗೆ ನಗುವುದಕ್ಕೂ ಉಸಿರಿರಲಿಲ್ಲ. ಹುರುಳಿ ಹಾಸಿದ ಕಡೆ ಬಂದಾಗ ಸೈಕಲ್ ಓಲಾಡಿತು, ದೊಡ್ಡಮ್ಮ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡು, “ಬ್ರೇಕ್ ಹಿಡೀಬ್ಯಾಡ ಲೇ! ಕಾಲು ಬಿಡು, ಕಾಲು ಬಿಡು!” ಎಂದು ಕೂಗಿದರು. ಅಲ್ಲೇ ಒಂದು ಬಸ್ಸು ನಮ್ಮನ್ನು ಸವರಿಕೊಂಡು ಹೋಯಿತು. ಮತ್ತೋಡಿನಲ್ಲಿ ಇಳಿದಾಗ ಅವರ ಮುಖ ಬಿಳುಚಿತ್ತು. ಸೆರಗಿನಲ್ಲಿ ಬೆವರು ಒರೆಸಿಕೊಂಡು, “ದಿನಾ ಹಿಂಗೇ ಬರ್ತೀರೇನ್ರೇ?” ಎಂದು ಮಾತ್ರ ಕೇಳಿದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಮಧ್ಯಾಹ್ನವೇ ಅವರು ತಮ್ಮ ಹುರುಳಿಯನ್ನು ರಸ್ತೆಯ ಒಂದು ಬದಿಗೆ ಎಳೆಸಿದರು. ಬೇರೆಯವರ ಹತ್ತಿರವೂ ಜಗಳವಾಡಿ ಎಳೆಸಿದರು. ಅರ್ಧ ರಸ್ತೆ ಬೆಳೆಗೆ, ಅರ್ಧ ರಸ್ತೆ ಮಕ್ಕಳಿಗೆ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಖಾಲಿ ಬದಿ ಸಿಕ್ಕಿದ ಮೇಲೆ ಬಸ್ಸು ಲಾರಿಗಳು ಹುರುಳಿ ಮೇಲೆ ಯಾಕೆ ಹತ್ತುತ್ತವೆ? ಹೋಗುವವೂ ಅಲ್ಲೇ, ಬರುವವೂ ಅಲ್ಲೇ, ನಾವೂ ಅಲ್ಲೇ. ಎದುರಿಗೆ ಮರಳಿನ ಲಾರಿ ಬಂದಾಗ ನನಗೆ ದಾರಿ ಕಾಣದೆ ಸೈಕಲ್ ಸಮೇತ ಜಾಲಿ ಬೇಲಿಗೆ ನುಗ್ಗಿದೆ. ಮುಳ್ಳು ತೆಗೆದವರು ದೊಡ್ಡಮ್ಮನೇ, ನಮ್ಮ ಜಗಲಿಯ ಮೇಲೆ ಕೂತು, ಪಿನ್ನು ಹಿಡಿದುಕೊಂಡು. ನನಗೆ ಬೈದರು, ಲಾರಿಗೆ ಬೈದರು, ಜಾಲಿಗೂ ಬೈದರು. ಕೊನೆಗೆ, “ಇದು ನಾನೇ ಮಾಡಿದ ಎಡವಟ್ಟು,” ಅಂದರು. ಅಪ್ಪ ಬಾಗಿಲಲ್ಲಿ ನಿಂತು, “ಇನ್ನು ಸಾಕಲ್ವೇನಕ್ಕ?” ಎಂದರು. ದೊಡ್ಡಮ್ಮ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡು, “ವಾರ ಆಗಿಲ್ಲ ಕಣಪ್ಪ,” ಎಂದು ಎದ್ದು ಹೋದರು.

ಬೆಳಿಗ್ಗೆ ಹಾಲಿನ ಡೈರಿ ಮುಂದೆ ಊರೇ ಸೇರುತ್ತದೆ. ಮಾರನೆಯ ದಿನ ನಾನೂ ಕ್ಯಾನು ಹಿಡಿದು ನಿಂತಿದ್ದೆ. ದೊಡ್ಡಮ್ಮ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು, ನಾಳೆಯಿಂದ ಯಾರೂ ರಸ್ತೆ ಮೇಲೆ ಒಂದು ಕಡ್ಡಿಯನ್ನೂ ಹಾಕಬಾರದು, ಎಲ್ಲರೂ ಕಣದಲ್ಲಿ ಹಾಕ್ರಿ. ಮೇಲಿನ ಬೀದಿಯ ಯಜಮಾನರೊಬ್ಬರು, ಅವರಿಗೂ ದೊಡ್ಡಮ್ಮನಿಗೂ ಹಳೆಯ ಜಿದ್ದು, ಬೀಡಿ ಆರಿಸುತ್ತಾ ಕೇಳಿದರು:

“ಕಣ ಎಲ್ಲೈತೆ ತಾಯಿ? ನಿನ್ ಟ್ರ್ಯಾಕ್ಟರ್ ಶೆಡ್ ಕೆಳಗೈತಲ್ಲ.”

ಡೈರಿ ಮುಂದೆ ನಗುವೋ ನಗು. ಮಾತು ನಿಜವಾಗಿತ್ತು. ಊರಿನ ಸಾಮಾನ್ಯ ಕಣ ಕೆರೆ ಏರಿಯ ಪಕ್ಕ ಇತ್ತು. ಎತ್ತುಗಳು ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಮೊದಲು ಅಲ್ಲಿ ಬಣವೆ ಒಟ್ಟಿದವರು ದೊಡ್ಡಮ್ಮ. ಆಮೇಲೆ ಅವರ ಮಗ ತಗಡಿನ ಶೆಡ್ ಹಾಕಿದ. ಅವರನ್ನು ನೋಡಿ ಇವರು, ಇವರನ್ನು ನೋಡಿ ಅವರು, ಒಬ್ಬರ ತಿಪ್ಪೆ, ಇನ್ನೊಬ್ಬರ ಸೌದೆ, ಮತ್ತೊಬ್ಬರ ಸೈಜುಗಲ್ಲು. ದೊಡ್ಡಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಗಿರಬೇಕು. ಹಾಲನ್ನೂ ಅಳೆಸದೆ ವಾಪಸ್ಸು ನಡೆದರು. ಆ ಕ್ಷಣ ನನಗೆ ನನ್ನ ಹೈಸ್ಕೂಲು ಮುಗಿಯಿತು ಅನ್ನಿಸಿತು. ಅಳು ಬಂತು, ಸಿಟ್ಟೂ ಬಂತು.

ಮನೆಗೆ ಬಂದು ಕ್ಯಾನು ಇಡುವಷ್ಟರಲ್ಲಿ ಕೆರೆ ಕಡೆಯಿಂದ ತಗಡಿನ ಸದ್ದು. ಓಡಿ ಹೋಗಿ ನೋಡಿದರೆ ದೊಡ್ಡಮ್ಮ ಆಳುಗಳನ್ನು ಶೆಡ್ ಮೇಲೆ ಹತ್ತಿಸಿ ಬೋಲ್ಟ್ ಬಿಚ್ಚಿಸುತ್ತಿದ್ದಾರೆ. ಅವರ ಮಗ ಹಲ್ಲುಜ್ಜುತ್ತಿದ್ದವನು ಹಾಗೇ ಬಂದಿದ್ದ.

“ತಲೆ ಕೆಟ್ಟೈತೇನವ್ವ ನಿಂಗೆ? ಕಂಡೋರ ಮಕ್ಕಳ ಸೈಕಲ್ಲಿಗೆ ನಮ್ ಶೆಡ್ ಕೆಡವಾದಾ?”

“ಕಂಡೋರ ಮಕ್ಕಳು ಬಿದ್ದಿದ್ದು ನಮ್ ಹುರುಳಿ ಮ್ಯಾಲೆ ಲೇ. ಟ್ರ್ಯಾಕ್ಟರ್ ತೆಗಿತೀಯೋ, ಅದ್ರ ಮ್ಯಾಲೇ ತಗಡು ಬೀಳಿಸ್ಲೋ?”

ಅವನು ಟ್ರ್ಯಾಕ್ಟರ್ ತೆಗೆದುಕೊಂಡು ಹೋದ. ಯುಗಾದಿ ಹೋಳಿಗೆ ತಿನ್ನುವ ತನಕ ತಾಯಿಯ ಹತ್ತಿರ ಮಾತಾಡಲಿಲ್ಲ. ಒಂದೇ ಮನೆಯಲ್ಲಿ ಇದ್ದುಕೊಂಡು ಹೆತ್ತ ಮಗ ಮಾತು ಬಿಟ್ಟರೆ ಹೇಗಿರುತ್ತದೆ? ದೊಡ್ಡಮ್ಮ ಅದನ್ನು ಯಾರ ಮುಂದೆಯೂ ತೋಡಿಕೊಳ್ಳಲಿಲ್ಲ. ಶೆಡ್ ಇಳಿಸಿ, ಬಣವೆ ಕೀಳಿಸಿ, ನಂತರ ಒಬ್ಬೊಬ್ಬರ ಬಾಗಿಲಿಗೂ ಹೋದರು. “ನಂದು ತೆಗ್ದೆ. ನಿಂದು?” ಅಷ್ಟೇ ಮಾತು. ಶೆಡ್ಡನ್ನೇ ಕೆಡವಿದ ಹೆಂಗಸಿನ ಎದುರು ತಿಪ್ಪೆ ಇಟ್ಟುಕೊಂಡು ವಾದ ಮಾಡುವುದು ಯಾರಿಂದ ಆಗುತ್ತದೆ! ಸಂಜೆ ಹೊತ್ತಿಗೆ ತಿಪ್ಪೆ, ಸೌದೆ ಸಾಗಿಸುವ ಗಾಡಿಗಳು ಓಡಾಡತೊಡಗಿದವು. ಮಾರನೆಯ ದಿನ ಹೆಂಗಸರೆಲ್ಲ ಸೇರಿ ನೆಲ ಕೆತ್ತಿ, ನೀರು ಹೊಡೆದು, ಸಗಣಿ ಸಾರಿಸಿದೆವು. ಮುಳ್ಳು ಕಿತ್ತ ಗಾಯಕ್ಕೆ ಸಗಣಿ ನೀರು ತಾಗಿ ಉರಿಯಿತು. ಅಂಥ ಒಳ್ಳೆಯ ಉರಿ ನನಗೆ ಮತ್ತೆ ಸಿಕ್ಕಿಲ್ಲ.

ಹುರುಳಿ ತುಳಿಸಲು ದೊಡ್ಡಮ್ಮನ ಮಗ ಟ್ರ್ಯಾಕ್ಟರ್ ತರಲಿಲ್ಲ. ತಂದವರು ಯಾರು ಗೊತ್ತೇ? ಡೈರಿ ಮುಂದೆ ಹಂಗಿಸಿದ್ದರಲ್ಲ, ಅದೇ ಮೇಲಿನ ಬೀದಿಯ ಯಜಮಾನರು. ಮೊದಲು ದೊಡ್ಡಮ್ಮನ ಹುರುಳಿಯನ್ನೇ ತುಳಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ, ಬಿಡಿ. ರಸ್ತೆ ಮಾತ್ರ ಸೇತುವೆಯಿಂದ ಹುಣಸೆಮರದ ತನಕ ಕಪ್ಪಗೆ ಖಾಲಿಯಾಗಿ ಬಿದ್ದಿತ್ತು. ಅಪ್ಪ ಹೋಗಿ ನೋಡಿಕೊಂಡು ಬಂದರು. ಸೈಕಲ್ಲಿಗೆ ಮತ್ತೆ ಬೀಗ ಬೀಳಲಿಲ್ಲ.

ಅಷ್ಟಕ್ಕೇ ಬಿಡುವವರೇ ದೊಡ್ಡಮ್ಮ? ಡಾಂಬರಿನ ಅಂಚಿನಲ್ಲಿ ಗುಂಡಿ ಬಿದ್ದಿತ್ತು, ಬಸ್ಸು ಬಂದಾಗ ಸೈಕಲ್ ಕೆಳಗಿಳಿಸಲು ಆಗುತ್ತಿರಲಿಲ್ಲ. ಪಂಚಾಯ್ತಿ ಮೆಂಬರ್ ಮನೆಯ ಜಗಲಿ ಮೇಲೆ ದಿನಾ ಹೋಗಿ ಕೂತರು. ಅವರ ಮನೆಯಲ್ಲಿ ಕಾಫಿ ಕುಡಿದು, ಅವರಿಗೇ ಬೈದು ಬರುತ್ತಿದ್ದರು. ಕೊನೆಗೆ ಎರಡೂ ಬದಿಗೆ ಗ್ರಾವೆಲ್ ಸುರಿದು ಗಟ್ಟಿ ಮಾಡಿದರು. ಊರಿನವರು ಅದನ್ನು ಹುಡುಗೀರ ದಾರಿ ಎಂದು ಕರೆದರು. ನಮ್ಮ ಹಿಂದೆ ಬಂದ ಹುಡುಗಿಯರೆಲ್ಲ ಅದರ ಮೇಲೇ ಮತ್ತೋಡಿಗೆ ಹೋದರು. ಚಿಕ್ಕಪ್ಪನ ಮಗಳು ಪಟ್ಟಿ ಕಟ್ಟಿದ ಕೈಯಲ್ಲಿ ನನ್ನ ಕ್ಯಾರಿಯರ್ ಮೇಲೆ ಕೂತು ಬಂದು ಪರೀಕ್ಷೆ ಬರೆದು ಪಾಸಾದಳು. ಈಗ ಹಿರಿಯೂರಿನಲ್ಲಿ ನರ್ಸು. ನಾನು ಹೊಳಲ್ಕೆರೆಯಲ್ಲಿ ವಿಜ್ಞಾನದ ಟೀಚರು. ನಮ್ಮ ಶಾಲೆಯ ಮುಂದಿನ ರಸ್ತೆ ಅಗಲ ಮಾಡುತ್ತಿದ್ದಾರೆ, ಅಂಚಿಗೆ ಮಕ್ಕಳ ಸೈಕಲ್ಲಿಗೆ ಜಾಗ ಬಿಡಿ ಎಂದು ಕೇಳಿಕೊಂಡು ನಾವು ಕೆಲವರು ಚಿತ್ರದುರ್ಗದ ಆಫೀಸಿಗೆ ಅಲೆಯುತ್ತಿದ್ದೇವೆ. ಇವತ್ತಲ್ಲ ನಾಳೆ ಬಿಡುತ್ತಾರೆ. ಬಿಡದೆ ಎಲ್ಲಿಗೆ ಹೋಗುತ್ತಾರೆ?

ದೊಡ್ಡಮ್ಮ ತೀರಿಕೊಂಡು ಕೆಲವು ವರ್ಷ ಆಯಿತು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮೊನ್ನೆ ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅವರ ಮಗಳು ಸಿಕ್ಕರು. ನಾನು ತೀರಾ ಚಿಕ್ಕವಳಿದ್ದಾಗಲೇ ಮದುವೆಯಾಗಿ ಹೋದವರು, ನನಗೆ ಅಷ್ಟಾಗಿ ಬಳಕೆಯಿಲ್ಲ. ಗುರುತು ಹೇಳಿಕೊಂಡೆ. ಮಾತಿಗೆ ಮಾತು ಬಂದು ಶೆಡ್ ಕೆಡವಿದ ಕಥೆಯನ್ನೆಲ್ಲ ಕೈಬಾಯಿ ತಿರುಗಿಸಿಕೊಂಡು ಹೇಳಿದೆ, ನಗುತ್ತಾರೆ ಅಂದುಕೊಂಡು. ಅವರು ನಗಲಿಲ್ಲ. ಚೀಲದ ಹಿಡಿಕೆ ಸರಿಮಾಡಿಕೊಳ್ಳುತ್ತಾ ಕೂತರು.

“ಏಳನೇ ಕ್ಲಾಸಲ್ಲಿ ನಾನೇ ಫಸ್ಟು ಕಣವ್ವ,” ಅಂದರು. “ಮತ್ತೋಡಿಗೆ ಕಳ್ಸು ಅಂತ ಊಟ ಬಿಟ್ಟು ಅತ್ತೆ. ದಾರಿ ಸರಿ ಇಲ್ಲ, ಹೆಣ್ಣುಡುಗೀನ ಹೆಂಗೆ ಕಳ್ಸಾದು ಅಂತ ನಮ್ಮವ್ವನೇ ಇಸ್ಕೂಲು ಬಿಡಿಸಿದ್ಲು.”

ಅವರ ಬಸ್ಸು ಬಂತು. ಎದ್ದು ನಿಂತು, ಸಿಟ್ಟಿಲ್ಲದೆ, ನನ್ನ ಭುಜ ತಟ್ಟಿ ಅಂದರು:

“ಆ ಜಗಳಾನ ಇನ್ನೊಂದು ಇಪ್ಪತ್ತು ವರ್ಷ ಮುಂಚೆ ಮಾಡ್ಬೇಕಿತ್ತು ನೋಡು ನಮ್ಮವ್ವ.”

ಬಸ್ಸು ಹೋಯಿತು. ನಾನು ಅಲ್ಲೇ ನಿಂತೆ. ದೊಡ್ಡಮ್ಮ ಅವತ್ತು ಮತ್ತೋಡಿನಲ್ಲಿ ಕ್ಯಾರಿಯರ್‌ನಿಂದ ಇಳಿದು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಯಾರನ್ನು ನೆನೆದು ಎಂದು ಈಗ ಕೇಳಬೇಕಿತ್ತು... ಕೇಳಲು ಅವರಿಲ್ಲ.